ಹಲ್ಲಿಲ್ಲದ ಯಂತ್ರ

ಡೊಬ್ರಿಯ ಮೊದಲ ಏಟು ತಮ್ಮನ ಕಿವಿಯ ಮೇಲೆ ಬಿತ್ತು. ಎರಡನೆಯದು ಬೀಳುವ ಮೊದಲು ಮಿಲೆನ್ ಮೇಜಿನ ಆಚೆ ಜಾರಿಕೊಂಡ. ಕಿವಿಯಿಂದ ಇಳಿದ ರಕ್ತವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ.

"ಎಲ್ಲೋ ಅಪ್ಪನ ಮಿಷನ್ನು?"

"ಮಾರ್ದೆ."

"ಯಾರಿಗೆ?"

"ಗುಜರಿಯೋನಿಗೆ. ಬುಧವಾರ ಬಂದು ಹೊತ್ಕೊಂಡ್ಹೋದ."

ಡೊಬ್ರಿ ಮೂರು ವಾರ ವರ್ನಾದಲ್ಲಿ ಮಗಳ ಮನೆಯಲ್ಲಿದ್ದು, ಆ ಬೆಳಿಗ್ಗೆ ತಮ್ಮೂರು ಗಾಬ್ರೊವೊದಲ್ಲಿ ಬಸ್ಸಿಳಿದವನು ಮನೆಗೂ ಹೋಗದೆ ನೇರ ಕಾರ್ಖಾನೆಗೆ ಬಂದಿದ್ದ. ಚಕ್ರಕ್ಕೆ ಹಲ್ಲು ಕೊರೆಯುವ ಅಪ್ಪನ ಯಂತ್ರ ನಿಂತಿದ್ದ ಮೂಲೆಯಲ್ಲಿ ನಾಲ್ಕು ಬೋಲ್ಟಿನ ತೂತುಗಳೂ ಎಣ್ಣೆ ಕುಡಿದು ಕಪ್ಪಾದ ಸಿಮೆಂಟೂ ಉಳಿದಿದ್ದವು. ಅಪ್ಪ, ಆಮೇಲೆ ಡೊಬ್ರಿ, ನಲವತ್ತು ವರ್ಷ ಅದರ ಮೇಲೆ ದೂರದರ್ಶಕದ ಪೀಠಗಳಿಗೆ ಕಂಚಿನ ಹಲ್ಲುಚಕ್ರ ಕೊರೆದಿದ್ದರು. ನಕ್ಷತ್ರ ಸರಿದಂತೆ ದೂರದರ್ಶಕವನ್ನು ಸರಿಸುವುದು ಆ ಚಕ್ರದ ಕೆಲಸ. ಒಂದು ಹಲ್ಲು ಕೂದಲೆಳೆಯಷ್ಟು ತಪ್ಪಿದರೂ ಫೋಟೋದಲ್ಲಿ ನಕ್ಷತ್ರಕ್ಕೆ ಬಾಲ ಬರುತ್ತದೆ. ತನ್ನ ಚಕ್ರಗಳಿಗೆ ಆ ರೋಗವಿಲ್ಲ ಎಂದು ಡೊಬ್ರಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಈಗ ಕಾರ್ಖಾನೆಯ ನಡುವೆ ಕಬ್ಬಿಣದ ಕಂಬದ ಮೇಲೆ ಮಿಲೆನ್ ಮಾಡಿದ ಹೊಸ ಪೀಠ ಕೂತಿತ್ತು. ಅದಕ್ಕೆ ಹಲ್ಲುಚಕ್ರವೂ ಇಲ್ಲ, ಚಕ್ರದ ಹಲ್ಲಿಗೆ ಸಿಕ್ಕಿ ಅದನ್ನು ತಿರುಗಿಸುವ ತಿರುಪೂ ಇಲ್ಲ. ಮೋಟಾರು ಅಚ್ಚಿನ ಸುತ್ತಲೇ ಕೂತು ನೇರವಾಗಿ ತಿರುಗಿಸುತ್ತದೆ. ಒಂದು ಕಡೆ ನಲವತ್ತು ಕಿಲೋದ ದೂರದರ್ಶಕದ ಕೊಳವೆ, ಇನ್ನೊಂದು ಕಡೆ ಸರಳಿಗೆ ಸಿಕ್ಕಿಸಿದ ಎರಡು ತೂಕದ ಗುಂಡುಗಳು.

ಡೊಬ್ರಿ ಕೈಗೆ ಸಿಕ್ಕ ಸ್ಪ್ಯಾನರ್ ಎಸೆದ. ಅದು ಮಿಲೆನ್‌ನ ತಲೆಗೆ ತಾಗದೆ ಕಿಟಕಿ ಒಡೆಯಿತು. ಮಿಲೆನ್ ಮೇಜು ಸುತ್ತಿ ಬಂದು ಅಣ್ಣನ ಬಾಯಿಗೆ ಗುದ್ದಿದ. ಇಬ್ಬರೂ ಕಂಚಿನ ಪುಡಿಯಲ್ಲಿ ಉರುಳಿದರು. ಐವತ್ತು ದಾಟಿದ ದೇಹಗಳು, ಬೇಗ ಉಸಿರು ಕಟ್ಟಿತು.

"ಅಪ್ಪ ನನ್ನ ಕೈಗೆ ಒಪ್ಸಿದ್ದು ಅದು," ಎಂದ ಡೊಬ್ರಿ, ಒಡೆದ ತುಟಿ ನೆಕ್ಕಿಕೊಳ್ಳುತ್ತ.

"ನಿನ್ನ ಕೈಗೆ ಮಿಷನ್ ಕೊಟ್ಟ. ನನ್ನ ಕೈಗೆ ಏನ್ ಕೊಟ್ಟ?" ಮಿಲೆನ್ ಎದ್ದು ಬಲಗೈ ಚಾಚಿದ. ಗೆಣ್ಣುಗಳು ಸೊಟ್ಟಗೆ ಕೂಡಿಕೊಂಡಿದ್ದವು. "ಹಲ್ಲು ಕೆಟ್ರೆ ಅರದ ಹಿಡೀಲಿ ಇಲ್ಲೇ ಹೊಡೀತಿದ್ದ. ನಾನು ಕೈ ಎಳ್ಕೋಬಾರ್ದು ಅಂತ ಮಣಿಕಟ್ಟು ಒತ್ತಿ ಹಿಡ್ಕೋತಿದ್ದೋನು ಯಾರಣ್ಣ?"

ಹಿಡಿದುಕೊಳ್ಳುತ್ತಿದ್ದವನು ಡೊಬ್ರಿಯೇ. ಆಗ ಅವನಿಗೆ ಹದಿನೇಳು, ತಮ್ಮನಿಗೆ ಹನ್ನೊಂದು. ನಿಜವಾದ ಮಾತು ಅವನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಹಲ್ಲಿಲ್ದಿರೋದು ಯಾವ್ದೂ ಕಚ್ಚಿ ನಿಲ್ಲಲ್ಲ ಕಣೋ."

"ನಿಲ್ಲಲ್ವಾ? ನೋಡು ಬಾ."

ಮಿಲೆನ್ ಸರಳಿನಿಂದ ಒಂದು ಗುಂಡನ್ನು ಬಿಚ್ಚಿ ನೆಲಕ್ಕಿಟ್ಟ. ಮೋಟಾರು ಸಣ್ಣಗೆ ಮುಲುಗಿತು. ಕೊಳವೆ ಒಂದಿಷ್ಟೂ ಬಾಗಲಿಲ್ಲ. ಅವನು ಕೊಳವೆಯ ಅಡಿಯಲ್ಲಿ ಕಂಬಕ್ಕೆ ಬಲಗೈ ಊರಿ ನಿಂತು ನಕ್ಕ. "ನಿನ್ ಹಾಗೆ ಬಾಯಿ ಮಾಡಲ್ಲ ಇದು. ಸುಮ್ನೆ ಹಿಡ್ಕೊಂಡಿರತ್ತೆ."

ಆ ನಗು ಡೊಬ್ರಿಗೆ ತಡೆಯಲಾಗಲಿಲ್ಲ. "ನಿಲ್ಲಿಸ್ತೀನಿ ತಡಿ ಈ ದರಿದ್ರಾನ," ಎಂದು ಗೋಡೆಗೆ ಹೋಗಿ ಪ್ಲಗ್ ಕಿತ್ತ.

ಅವನ ಪೀಠಗಳಲ್ಲಿ ಪ್ಲಗ್ ಕಿತ್ತರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ, ತಿರುಪು ಹಲ್ಲನ್ನು ಕಚ್ಚಿಕೊಂಡಿರುತ್ತದೆ. ಮೂವತ್ತೈದು ವರ್ಷ ಅವನು ಹಾಗೆಯೇ ನಿಲ್ಲಿಸಿದ್ದ. ಇದರಲ್ಲಿ ಕಚ್ಚಲು ಏನೂ ಇರಲಿಲ್ಲ. ಕೊಳವೆ ಸದ್ದಿಲ್ಲದೆ ಬೀಸಿ ಬಂದು ಕಂಬಕ್ಕೆ ಅಪ್ಪಳಿಸಿತು. ಮೂಳೆ ಮುರಿದ ಸದ್ದು ಮೊದಲು ಕೇಳಿಸಿತು, ಮಿಲೆನ್‌ನ ಕೂಗು ಆಮೇಲೆ.

ಡೊಬ್ರಿ ಪ್ಲಗ್ಗನ್ನು ಮತ್ತೆ ಗೋಡೆಯ ಹತ್ತಿರ ಒಯ್ದ.

"ಹಾಕ್ಬೇಡ," ಮಿಲೆನ್ ಹಲ್ಲು ಕಚ್ಚಿ ಹೇಳಿದ. "ಹಾಕಿದ್ರೆ ಅದು ತನ್ನ ಜಾಗ ಹುಡುಕ್ತಾ ತಿರುಗತ್ತೆ. ಕೈ ಹರಿದ್ಹೋಗತ್ತೆ. ಎತ್ತು ಅಣ್ಣ. ಎತ್ತು."

ಡೊಬ್ರಿ ಕೊಳವೆಯ ಕೆಳಗೆ ಭುಜ ಕೊಟ್ಟು ಎತ್ತಿದ. ಸಿಕ್ಕಿಬಿದ್ದಿದ್ದ ಕೈ ಹೊರಗೆ ಬಂತು. ಅದನ್ನು ನೋಡಿದ ಡೊಬ್ರಿ ಕಣ್ಣು ಮುಚ್ಚಿಕೊಂಡ. ಎರಡು ಬೆರಳುಗಳು ತೊಗಲಿನಲ್ಲಷ್ಟೇ ನೇತಾಡುತ್ತಿದ್ದವು.

ಮಿಲೆನ್ ಗೋಡೆಗೊರಗಿ ಕೂತು, ಕೈಗೆ ಏಪ್ರನ್ ಸುತ್ತಿ, ಎಡಗೈಯಲ್ಲಿ ಫೋನ್ ಮಾಡಿ ಆಂಬುಲೆನ್ಸ್‌ಗೆ ವಿಳಾಸ ಹೇಳಿದ. ಡೊಬ್ರಿ ಕದಲುವಂತಿರಲಿಲ್ಲ. ಬಿಟ್ಟರೆ ಕೊಳವೆ ಮತ್ತೆ ಬಡಿದು ಒಳಗಿನ ಕನ್ನಡಿ ಪುಡಿಯಾಗುತ್ತದೆ, ತಮ್ಮನ ಎರಡು ವರ್ಷದ ದುಡಿಮೆ.

"ಮಿಲೆನ್, ನಂಗೆ ಗೊತ್ತಿರ್ಲಿಲ್ಲ ಕಣೋ."

"ಗೊತ್ತು."

"ಅಪ್ಪನ ಕಾಲದಲ್ಲೇ ನಾನು ನಿನ್ನ ಮಣಿಕಟ್ಟು ಬಿಡ್ಬೇಕಾಗಿತ್ತು."

ಮಿಲೆನ್ ಎದ್ದು, ನೆಲದ ಮೇಲಿದ್ದ ಗುಂಡನ್ನು ಎಡಗೈಯಿಂದ ಎದೆಗವಚಿ ತಂದು, ಎದೆಯಿಂದಲೇ ನೂಕಿ ಸರಳಿಗೆ ಏರಿಸಿದ. ಏಪ್ರನ್ನಿನಿಂದ ರಕ್ತ ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಗುಂಡು ಜಾರದಂತೆ ಅದರ ತಿರುಪನ್ನು ಎಡಗೈಯಲ್ಲೇ ಬಿಗಿದ.

"ಆಯ್ತು. ಈಗ ಬಿಡು."

ಹೊರಗೆ ಗಾಡಿ ಬಂದು ನಿಂತಿತು. ಇಬ್ಬರು ಬಂದು ಮಿಲೆನ್‌ನ ಕಂಕುಳಿಗೆ ಕೈಹಾಕಿ ನಡೆಸಿಕೊಂಡು ಹೋದರು. ಬಾಗಿಲಲ್ಲಿ ಅವನು ತಿರುಗಿ ನೋಡಿದ.

"ಬಿಡು ಅಂದ್ನಲ್ಲ ಅಣ್ಣ. ಅದು ಬೀಳಲ್ಲ."

ಎರಡೂ ಕಡೆ ತೂಕ ಸಮನಾಗಿ ಕೊಳವೆಗೆ ಈಗ ಭಾರವೇ ಇರಲಿಲ್ಲ. ಒಂದು ಬೆರಳಿನಿಂದ ಮುಟ್ಟಿದರೂ ಸರಿಯುವಷ್ಟು ಹಗುರಾಗಿತ್ತು. ಗಾಡಿಯ ಸದ್ದು ಸೇತುವೆ ದಾಟಿತು. ಡೊಬ್ರಿ ಕೊಳವೆಯ ಕೆಳಗೆ ಭುಜ ಕೊಟ್ಟು ನಿಂತೇ ಇದ್ದ.