ಏಳನೇ ದ್ವೀಪದ ಮುಯ್ಯಿ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ, ಮುಂದಿನ ಮದುವೆಯಲ್ಲಿ ಗಂಡಿನ ಹೆಸರು ಕೂಗುವ ಹೊತ್ತಿಗೇ ನನ್ನ ಮೈಕು ಕೆಟ್ಟುಹೋಗಲಿ.

ಜವರಪ್ಪನ ಶಾಮಿಯಾನ ಅಂಗಡಿಯ ಬಾಗಿಲಲ್ಲಿ ಒಂದು ತಾಮ್ರದ ಬಿಂದಿಗೆ ತೂಗಾಡುತ್ತಿತ್ತು. ಅದರ ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಬೆಳಗಿನ ಬಿಸಿಲು ಅದರೊಳಗಿಂದ ನುಸುಳಿ ಜವರಪ್ಪನ ಕುರ್ಚಿಯ ಮೇಲೆ ಒಂದು ಬೊಟ್ಟಿನಂತೆ ಬೀಳುತ್ತಿತ್ತು. ಅವನು ಬಂದು ಅದರ ಮೇಲೆಯೇ ಕೂತು, "ಕೆಂಪರಾಜ" ಎಂದು ಒಮ್ಮೆ ಹಲ್ಲು ಕಡಿದ ಮೇಲೆಯೇ ನಮ್ಮ ವ್ಯಾಪಾರ ಶುರುವಾಗುತ್ತಿದ್ದುದು.

ಕೆಂಪರಾಜ ಜವರಪ್ಪನ ಹೆಂಡತಿ ಸಣ್ಣತಾಯಮ್ಮನ ತಮ್ಮ. ಭಾವನ ಗೃಹಪ್ರವೇಶಕ್ಕೆ ಅವನು ತಂದ ಮುಯ್ಯಿಯೇ ಆ ಬಿಂದಿಗೆ. ಯಾರು ಯಾರಿಗೆ ಏನು ಮುಯ್ಯಿ ತಂದರೆಂದು ಮೈಕಿನಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಅಂದೂ ಕೂಗಿದೆ. ನಾನು ಕೂಗಿ ಮುಗಿಸುವಷ್ಟರಲ್ಲಿ ಬಿಂದಿಗೆಗೆ ಸುರಿದ ನೀರೆಲ್ಲ ಪುರೋಹಿತರ ಪಂಚೆಯಲ್ಲಿತ್ತು.

ಅಂಗಡಿಯವನು ಮೋಸ ಮಾಡಿದ ಎಂದ ಕೆಂಪರಾಜ. ಬೇಕಂತಲೇ ತಂದ ಎಂದ ಜವರಪ್ಪ. ಕೆಂಪರಾಜನ ಮಗನ ಮದುವೆ ಬಂದಾಗ ಜವರಪ್ಪ ಹಿಂದಕ್ಕೆ ಓಡುವ ಗೋಡೆ ಗಡಿಯಾರ ಕೊಟ್ಟ. ಅದನ್ನು ನಂಬಿದ ಆ ಮನೆಯವರು ವಾರಗಟ್ಟಲೆ ರಾತ್ರಿಯೂಟ ಮುಗಿಸಿ ಮಧ್ಯಾಹ್ನದ ಊಟಕ್ಕೆ ಕೂತರು. ಅಲ್ಲಿದ್ದ ಒಬ್ಬ ಮುದುಕಿಗೆ ಹಾಲುಹಲ್ಲು ಮೂಡಿತು. ಇದಕ್ಕೆ ಮರುಮುಯ್ಯಿಯಾಗಿ ಜವರಪ್ಪನ ಮಗಳ ಮದುವೆಗೆ ಕೆಂಪರಾಜ ಒಂದು ಹೋತವನ್ನು ಹೊಡೆದುಕೊಂಡು ಬಂದ. ಧಾರೆ ಮುಗಿಯುವ ಹೊತ್ತಿಗೆ ಅದು ಪೂರ್ವದ ಕಡೆಯ ಶಾಮಿಯಾನವನ್ನು ಪೂರ್ತಿ ತಿಂದು ಬೀಗರ ಪೇಟಕ್ಕೆ ಬಾಯಿ ಹಾಕಿತ್ತು.

ಅಂದಿನಿಂದ ಸಣ್ಣತಾಯಮ್ಮನಿಗೆ ತವರಿನ ದಾರಿ ಮುಚ್ಚಿತು. ತವರೇನೂ ದೂರವಿರಲಿಲ್ಲ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಮಗೆ ಸೀನು ಬರುತ್ತಿತ್ತು. ಹಾಗೆ ಸೀನಿದಾಗಲೆಲ್ಲ ಅವಳು ಆ ಕಡೆಗೊಮ್ಮೆ ನೋಡಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಷಾಢದಲ್ಲಿ ಮದುವೆಗಳಿಲ್ಲ, ನಮಗೆ ಕೆಲಸವಿಲ್ಲ. ಆ ಆಷಾಢದಲ್ಲಿ ಜವರಪ್ಪ, ಮದುವೆಮನೆಗಳಿಗೆ ಬಾಡಿಗೆಗೆ ಕೊಡುವ ದೊಡ್ಡ ಟೀವಿಗೆ ಎಲ್ಲಿಂದಲೋ ಒಂದು ವಿಡಿಯೋ ಗೇಮ್ ತಂದು ತನ್ನ ನಡುಮನೆಯಲ್ಲೇ ಸಿಕ್ಕಿಸಿದ. ಆಟದಲ್ಲಿ ಒಬ್ಬಳು ಬೆಸ್ತರ ಹುಡುಗಿ. ಅವಳ ಅಣ್ಣನನ್ನು ಒಂಟಿ ಕಿವಿಯ ನಾಯಕನೊಬ್ಬ ಕೊಂದಿದ್ದಾನೆ. ಅವನನ್ನು ಹುಡುಕಿಕೊಂಡು ಅವಳು ಏಳು ದ್ವೀಪ ದಾಟಬೇಕು, ಅಡ್ಡ ಬಂದವರನ್ನು ಕಡಿಯಬೇಕು. ಜವರಪ್ಪ ಕಡಿದ. ಕಡಿಯುವಾಗಲೆಲ್ಲ "ತಕೋ ಬಿಂದಿಗೆ! ತಕೋ ಹೋತ!" ಎನ್ನುತ್ತಿದ್ದ. ಟೀವಿಯಿಂದ ರಕ್ತ ತೊಟ್ಟಿಕ್ಕಿ ನಾನು ಎರಡು ಸಲ ನೆಲ ಒರೆಸಿದ್ದೇನೆ.

ಕೊನೆಗೊಂದು ದಿನ ಏಳನೇ ದ್ವೀಪ ಬಂತು. ಒಂಟಿ ಕಿವಿಯವನು ಮಂಡಿಯೂರಿ ಕೂತ. ಜವರಪ್ಪ ಗುಂಡಿ ಒತ್ತಿದ. ಹುಡುಗಿ ಕತ್ತಿ ಎತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಅವಳು ಕತ್ತಿಯನ್ನು ಸಮುದ್ರಕ್ಕೆಸೆದು, ದೋಣಿ ಹತ್ತಿ, ಹೊರಟೇಹೋದಳು.

"ಏಯ್! ಎಲ್ಲಿಗಮ್ಮಿ ಹೊಂಟೆ?" ಜವರಪ್ಪ ಎದ್ದು ನಿಂತ. "ಲೋ ಮೈಕು, ನೋಡ್ದೇನ್ಲಾ? ಇಷ್ಟು ಜನಾನ ಕಡ್ಸಿ, ಕೊನೆಗೆ ಅಸಲು ಆಸಾಮಿನೇ ಬುಟ್ಬುಟ್ಳು!"

"ಅದೇ ಅಣ್ಣ ಇದ್ರ ಸಾರ," ಎಂದೆ. "ಅವ್ನ ಕೊಂದ್ರೆ ಅವ್ನ ಮಗ ಬತ್ತಾನೆ, ಮಗನ್ನ ಕೊಂದ್ರೆ ಮೊಮ್ಮಗ ಬತ್ತಾನೆ. ಸೇಡು ಎಲ್ಲೋ ಒಂದ್ಕಡೆ ನಿಲ್ಬೇಕಲ್ಲ?"

"ನಿಲ್ಲೋದಾದ್ರೆ ಮೊದಲ್ನೇ ದ್ವೀಪದಲ್ಲೇ ನಿಲ್ಬೇಕಿತ್ತು! ಬಾಗ್ಲು ಕಾಯೋರು ಇವ್ಳಿಗೇನ್ ಮಾಡಿದ್ರು ಪಾಪ? ಸಂಬ್ಳಕ್ಕಿದ್ದೋರು. ಅವ್ರಿಗೆ ಮಕ್ಳಿಲ್ವಾ? ಅವ್ರು ಬರಕಿಲ್ವಾ? ಎಲ್ರುನೂ ನನ್ ಕೈಲಿ ಕಡ್ಸ್ಬುಟ್ಟು ಈಗ ನಂಗೇ ಬುದ್ಧಿ ಹೇಳ್ತಾಳಾ?"

ಹಲಸಿನ ತೊಳೆ ಬಿಡಿಸುತ್ತಿದ್ದ ಸಣ್ಣತಾಯಮ್ಮ ತಲೆಯೆತ್ತಲಿಲ್ಲ. "ತಡವಾಗಾದ್ರೂ ಬುಟ್ಳಲ್ಲ. ಕೆಲವ್ರು ಅದೂ ಮಾಡಕಿಲ್ಲ," ಎಂದಳು.

"ಕೆಲವ್ರು ಅಂದ್ರೆ ಯಾರು?"

"ದ್ವೀಪದೋರು."

ಜವರಪ್ಪ ಹಟಕ್ಕೆ ಬಿದ್ದು ಆಟವನ್ನು ಮೊದಲಿಂದ ಶುರುಮಾಡಿದ. ಈ ಸಲ ಯಾರನ್ನೂ ಕೊಲ್ಲಬಾರದೆಂದು ಅವನ ಲೆಕ್ಕ. ಆದರೆ ಮೊದಲ ದ್ವೀಪದ ಕಾವಲುಗಾರರು ಸಾಯದೆ ಅಲ್ಲಿನ ಬಾಗಿಲು ತೆರೆಯುವಂತಿರಲಿಲ್ಲ. ಹುಡುಗಿಯನ್ನು ಬಾಗಿಲ ಮುಂದೆ ನಿಲ್ಲಿಸಿಕೊಂಡು ಅವನು ದಿನಗಟ್ಟಲೆ ಕಾದ. ಕಾವಲುಗಾರರು ಬೇಸರಕ್ಕೆ ಆಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ; ಒಬ್ಬನಂತೂ ಈಟಿಯನ್ನು ಗೋಡೆಗೊರಗಿಸಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಾಗಿಲು ಮಾತ್ರ ತೆರೆಯಲಿಲ್ಲ.

"ಕೊಲ್ದೆ ಇದ್ರೆ ಮುಂದಕ್ಕೆ ಬುಡಕಿಲ್ಲ. ಕೊಂದ್ರೆ ಕೊನೇಲಿ ನೀತಿ ಹೇಳ್ತಾರೆ," ಜವರಪ್ಪ ಗೇಮಿನ ಹಿಡಿಯನ್ನು ಹಾಸಿಗೆಗೆಸೆದ. "ಈ ಆಟ ಮಾಡ್ದೋನು ಸಿಕ್ಲಿ, ಅವ್ನ ಮದುವೆಗೊಂದು ಗಡಿಯಾರ ಕೊಡ್ತೀನಿ."

ಶ್ರಾವಣ ಬಂತು. ಅದರ ಹಿಂದೆಯೇ ಕೆಂಪರಾಜನ ಮಗಳ ಲಗ್ನಪತ್ರಿಕೆ ಬಂತು.

"ನಾನು ಹೋಯ್ತೀನಿ," ಎಂದಳು ಸಣ್ಣತಾಯಮ್ಮ. ದನಿ ಏರಿಸಲಿಲ್ಲ. "ನೀವು ಬಂದ್ರೂ ಸರಿ, ಬರ್ದಿದ್ರೂ ಸರಿ. ಆದ್ರೆ ಇನ್ನೊಂದು ಗಡಿಯಾರ ಗಿಡಿಯಾರ ಅಂತ ಏನಾದ್ರೂ ತಂದ್ರಿ, ನಾನು ಈ ಮನೆಗೆ ವಾಪಸ್ ಬರಕಿಲ್ಲ."

ಜವರಪ್ಪ ಸಂಜೆಯೆಲ್ಲ ಬಿಂದಿಗೆಯ ಕೆಳಗೆ ಕೂತ. ಆ ಹೊತ್ತಿನಲ್ಲಿ ಅದರ ತೂತಿನಿಂದ ಬೆಳಕೇನೂ ಬೀಳುತ್ತಿರಲಿಲ್ಲ. "ಕೆಟ್ಟದ್ದು ಕೊಟ್ರೆ ಇವ್ಳು ಹೋಯ್ತಾಳೆ. ಒಳ್ಳೇದು ಕೊಟ್ರೆ ಜವರಪ್ಪ ಸೋತ ಅಂತಾರೆ. ಏನ್ಲಾ ಮಾಡ್ಲಿ ಮೈಕು?" ಆಮೇಲೆ ಅವನೇ ತೊಡೆ ತಟ್ಟಿಕೊಂಡ. "ಆ ಹುಡ್ಗಿ ಮಾಡಿದ್ದೇ ಮಾಡ್ತೀನಿ. ಅದು ಸರಿಯೋ ತಪ್ಪೋ, ಗೊತ್ತಾಗೋಗ್ಲಿ."

ಸುತ್ತಮುತ್ತ ಇದ್ದುದು ನಮ್ಮದೊಂದೇ ಅಂಗಡಿಯಾದ್ದರಿಂದ, ಜಗಳವಿದ್ದರೂ ಮದುವೆಯ ದಿನ ಛತ್ರದಲ್ಲಿ ಮೈಕು ನನ್ನದೇ. ಜನ ಸಾಲಾಗಿ ಬಂದು ಮುಯ್ಯಿ ಕೊಡುತ್ತಿದ್ದರು, ನಾನು ಕೂಗುತ್ತಿದ್ದೆ. ಜವರಪ್ಪ ಬರಿಗೈಯಲ್ಲಿ ಮೆಟ್ಟಿಲೇರಿ ಬಂದು ನನ್ನ ಕಿವಿಯಲ್ಲಿ ಹೇಳಿದ:

"ನಂದೇನೂ ಇಲ್ಲ. 'ಜವರಪ್ಪನ ಮುಯ್ಯಿ ಇಲ್ಲಿಗೆ ತೀರ್ತು' ಅಂತ ಕೂಗು."

"ಅಣ್ಣ, ಅದು ಬೇರೆ ಥರ ಕೇಳಿಸ್ತದೆ."

"ಕೂಗ್ಲಾ ಅಂದ್ರೆ!"

ಕೂಗಿದೆ. ನಮ್ಮ ಮಾತಿನಲ್ಲಿ ಉಡುಗೊರೆಯೂ ಮುಯ್ಯಿ, ಸೇಡೂ ಮುಯ್ಯಿ. ಎರಡನ್ನೂ ತೀರಿಸುವುದೆಂದೇ ಹೇಳುತ್ತೇವೆ. ಇನ್ನು ಸಾಕು, ನಾನು ಕೈಬಿಟ್ಟೆ ಎಂಬುದು ಜವರಪ್ಪನ ಮನಸ್ಸಿನಲ್ಲಿದ್ದ ಮಾತು. ಛತ್ರದ ಜನ ನೋಡಿದ್ದು ಅವನ ಬರಿಗೈ, ಕೇಳಿದ್ದು ಸೇಡು ತೀರಿತು ಎಂಬ ಮಾತು. ವಾಲಗ ಅರ್ಧಕ್ಕೆ ನಿಂತಿತು.

ಕೆಂಪರಾಜ ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು ಬಂದ. "ಏನ್ ಭಾವ, ನನ್ ಮಗ್ಳು ಮಣೆ ಮೇಲೆ ಕೂತಿರುವಾಗ ಸೇಡು ತೀರ್ತು ಅಂತ ಮೈಕಲ್ಲಿ ಕೂಗಿಸ್ತೀಯಾ?"

"ಸೇಡಲ್ಲ ಕಣಯ್ಯ! ಬುಟ್ಬುಟ್ಟೆ ಅಂದಿದ್ದು! ಕತ್ತಿ ಸಮುದ್ರಕ್ಕೆ ಹಾಕ್ದೆ!"

"ಕತ್ತಿ ಬೇರೆ ತಂದಿದ್ಯಾ?"

ಹೆಂಗಸರ ಸಾಲಿನಲ್ಲಿ ಸಣ್ಣತಾಯಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಕೂತಿದ್ದಳು. ಅವಳ ಅಕ್ಕಪಕ್ಕದವರು ಆಗಲೇ ಕುರ್ಚಿ ಸರಿಸಿಕೊಂಡಿದ್ದರು. ಜವರಪ್ಪ ಅವಳ ಕಡೆ ನೋಡಿದ, ಬೆವರಿದ, ನನ್ನ ಕೈಯಿಂದ ಮೈಕು ಕಿತ್ತುಕೊಂಡ.

"ಎಲ್ರೂ ಕೇಳಿ. ಒಬ್ಳು ಬೆಸ್ತರ ಹುಡ್ಗಿ ಇದ್ಳು..."

ನಾನು ಹಣೆ ಚಚ್ಚಿಕೊಂಡೆ. ಮೊದಲ ದ್ವೀಪವಾಯಿತು. ಬಾಗಿಲ ತಕರಾರಾಯಿತು. ಸಂಬಳದ ಕಾವಲುಗಾರರ ಹೆಂಡತಿ ಮಕ್ಕಳ ವಿಚಾರವೂ ಆಯಿತು. ಕೆಂಪರಾಜ ಮೊದಲು ಮುಷ್ಟಿ ಕಟ್ಟಿ ನಿಂತಿದ್ದ, ಆಮೇಲೆ ಸೊಂಟದ ಮೇಲೆ ಕೈಯಿಟ್ಟ, ಎರಡನೇ ದ್ವೀಪದ ಹೊತ್ತಿಗೆ ಕಿವಿ ಕೆರೆದುಕೊಂಡ. ಭಾವನ ಬಾಯಿಂದ ಇಷ್ಟು ಮಾತು ಅವನು ಕೇಳಿ ವರ್ಷಗಳಾಗಿದ್ದವು.

"ಮೂರನೇ ದ್ವೀಪದಲ್ಲಿ ಆ ಹುಡ್ಗಿ ಏನ್ ಮಾಡ್ತಾಳೆ ಅಂದ್ರೆ," ಎನ್ನುತ್ತಿದ್ದ ಜವರಪ್ಪ, ಅಷ್ಟರಲ್ಲಿ ಕೆಂಪರಾಜ ಬೆನ್ನು ತಿರುಗಿಸಿ ನಡೆದುಬಿಟ್ಟ. ದೊಣ್ಣೆ ತರಲು ಹೋದನೆಂದು ನಾನು ಮೈಕಿನ ವೈರು ಸುತ್ತತೊಡಗಿದೆ. ಅವನು ನೆಟ್ಟಗೆ ಹೋಗಿ ಸಣ್ಣತಾಯಮ್ಮನ ಮುಂದೆ ನಿಂತ.

"ಒಟ್ಟು ಏಳು ದ್ವೀಪ ಅಂತೆ ಕಣಕ್ಕ," ಎಂದ. "ಅಲ್ಲೀಗಂಟ ಅನ್ನ ಆರೋಯ್ತದೆ. ಏಳು, ಬಾ."

ಅವಳು ಎದ್ದಳು. ಅವರಿಬ್ಬರ ಹಿಂದೆ ಸಾಲುಸಾಲಾಗಿ ಛತ್ರದ ಜನವೂ ಎದ್ದು ಹೋಯಿತು.

"ಅಯ್ಯೋ, ಕೊನೆ ಕೇಳ್ಬುಟ್ಟು ಹೋಗ್ರಯ್ಯಾ! ಕೊನೇಲೇ ಇರೋದು ವಿಷ್ಯ!" ಜವರಪ್ಪ ಖಾಲಿ ಕುರ್ಚಿಗಳಿಗೆ ಕೈಮುಗಿದ. ಕುರ್ಚಿಗಳು ನಮ್ಮ ಅಂಗಡಿಯವೇ ಆದ್ದರಿಂದ ಎಲ್ಲಿಗೂ ಹೋಗಲಿಲ್ಲ.

ಊಟದ ಮನೆಯ ಬಾಗಿಲಿಂದ ಒಳಗಿನದು ನನಗೆ ಕಾಣುತ್ತಿತ್ತು. ಕೆಂಪರಾಜ ತಾನೇ ಬಗ್ಗಿ ಅಕ್ಕನ ಎಲೆಗೆ ತುಪ್ಪ ಬಡಿಸುತ್ತಿದ್ದ. ಅವಳ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿತ್ತು, ಅಲ್ಲಿ ಯಾರೂ ಕೂತಿರಲಿಲ್ಲ.

"ಅಣ್ಣ, ನಿಂಗೂ ಎಲೆ ಹಾಕವ್ರೆ," ಎಂದೆ.

ಅವನು ಮೈಕನ್ನು ಅಂಗೈಯಿಂದ ಮುಚ್ಚಿ, "ತಡ್ಯೋ, ಇನ್ನೂ ನಾಲ್ಕು ದ್ವೀಪ ಅವೆ," ಎಂದು ಸಿಡುಕಿದ.

ಒಳಗೆ ಸಣ್ಣತಾಯಮ್ಮ ಆ ಎಲೆಯ ಮೇಲೊಂದು ನೀರಿನ ಲೋಟ ಇಟ್ಟು ಅನ್ನ ಕಲಸತೊಡಗಿದಳು. ಫ್ಯಾನಿನ ಗಾಳಿಗೆ ಎಲೆಯ ತುದಿ ಏಳುತ್ತಿತ್ತು, ಲೋಟದ ಭಾರಕ್ಕೆ ಮತ್ತೆ ಮಲಗುತ್ತಿತ್ತು.