ಬೀಜ ಪರೀಕ್ಷೆ

ಕಾರ್ಕಳದಲ್ಲಿ ಬೀಜ ಎಂದರೆ ಗೇರುಬೀಜ. ಲೋಕದಲ್ಲಿ ಬೇರೆ ಬೀಜಗಳಿಲ್ಲವೆಂದಲ್ಲ; ಆದರೆ ಬೀಜದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇಡೀ, ಹೋಳು, ನುಚ್ಚು ಎಂದು ವಿಂಗಡಿಸಿದ ಕಮಲಳಿಗೆ ಆ ಮಾತು ಕಿವಿಗೆ ಬಿದ್ದರೆ ಮತ್ತೇನು ಹೊಳೆಯಬೇಕು? ಕಡಿಯಾಳಿಯ ಡಾಕ್ಟರ್ ಲೊರ್ನಾ, "ಗುರುವಾರ ಬನ್ನಿ, ಬೀಜ ಒಳ್ಳೆಯದುಂಟಾ ನೋಡುವ" ಎಂದಾಗ, ಡಾಕ್ಟರಾದರೂ ಬಾಯಿಚಪಲ ಯಾರನ್ನು ಬಿಟ್ಟಿದೆ ಎಂದುಕೊಂಡು ಅರ್ಧ ಕಿಲೋ ಇಡೀ ಬೀಜ ಕಟ್ಟಿಸಿಕೊಂಡೇ ಹೋದಳು.

ಪೊಟ್ಟಣ ಬಿಚ್ಚಿದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಾನು ಕೇಳಿದ್ದು ಇದಲ್ಲ ಕಮಲಾ. ನಿನ್ನ ಗಂಡನದ್ದು!" ಎಂದು ಒಂದನ್ನು ಬಾಯಿಗೆ ಹಾಕಿಕೊಂಡರು. ಕಮಲಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಸ್ಪತ್ರೆಯ ಮಂಚದ ಮೇಲಿದ್ದ ಗಂಡ ದೇಜಪ್ಪನೂ ನಕ್ಕ. ಅವನು ನಕ್ಕು ಬಹಳ ಕಾಲವಾಗಿತ್ತು.

ಎಂಬತ್ತೆರಡನೆಯ ಇಸವಿಯಲ್ಲಿ ಶೇಂದಿ ಇಳಿಸಲು ತಾಳೆಮರ ಹತ್ತಿದವನು ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ನಾಲ್ಕು ವರ್ಷದಿಂದ ಎದೆಯ ಕೆಳಗೆ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಬಾಯಿ ಮಾತ್ರ ನೆಟ್ಟಗಿತ್ತು, ಅದಕ್ಕೆ ಒಂದೇ ರಾಗ: "ಮರದಿಂದ ಬಿದ್ದದ್ದು ನಾನು, ನೀನಲ್ಲ. ಮಗು ಆಗುವುದಿಲ್ಲ ಅಂತಾದರೆ ನೀನು ತಾಯಿಮನೆಗೆ ಹೋಗಬೇಕು, ಬೇರೆ ಮದುವೆ ಆಗಬೇಕು." ಬರಿಯ ಮಾತಲ್ಲ, ಮನೆಯ ದೈವದ ಎದುರು ಅವಳಿಂದ ಭಾಷೆ ತೆಗೆದುಕೊಂಡಿದ್ದ. ದೈವದ ಮುಂದೆ ಕೊಟ್ಟ ಮಾತು ಆಟವೇ? ಈ ಗುರುವಾರ ಏನೂ ಸಿಗದಿದ್ದರೆ ಕಮಲ ಗಂಟು ಕಟ್ಟಬೇಕಿತ್ತು.

ಡಾಕ್ಟರು ಪರದೇಶದಿಂದ ತಂದ, ಗುಂಯ್ ಎಂದು ನಡುಗುವ ಸಣ್ಣ ಯಂತ್ರವನ್ನು ತೆಗೆದರು. "ತಲೆಗೆ ಸುದ್ದಿ ಹೋಗುವ ದಾರಿ ಕಡಿದಿದೆ. ಆದರೆ ಕೆಳಗಿನ ನರಗಳಿಗೆ ಅವುಗಳದ್ದೇ ಒಂದು ದಾರಿ ಉಂಟು, ಅದನ್ನು ಎಬ್ಬಿಸಿ ನೋಡುವ" ಎಂದು ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಪರದೆಯ ಒಳಗೆ ಕಮಲ ಗಂಡನ ಕೈ ಹಿಡಿದು ನಿಂತಳು. ಡಾಕ್ಟರು ಯಂತ್ರವನ್ನು ಅವನ ಗುಪ್ತಾಂಗಕ್ಕೆ ತಾಗಿಸಿದರು; ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲಕ್ಕೆ ದೇಜಪ್ಪನ ಹಣೆ ಬೆವರಿತು, ತೋಳಿನ ರೋಮ ನಿಮಿರಿದವು, ಸತ್ತೇಹೋಗಿವೆ ಎಂದುಕೊಂಡಿದ್ದ ತೊಡೆಗಳು ಗಡಗಡ ನಡುಗಿದವು. "ತಲೆ ಸಿಡೀತಾ ಉಂಟು ಡಾಕ್ಟ್ರೇ!" ಅವರು ತಟ್ಟನೆ ಯಂತ್ರ ನಿಲ್ಲಿಸಿ ಬಿಪಿ ನೋಡಿದರು. ಏರಿದ್ದದ್ದು ಮೆಲ್ಲಗೆ ಇಳಿಯಿತು. ಗಾಜಿನ ಬಟ್ಟಲಲ್ಲಿ ನಾಲ್ಕು ಹನಿ ಬಿದ್ದಿತ್ತು.

ಡಾಕ್ಟರು ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಬೀಜ ಉಂಟು. ಆದರೆ ಹೆಚ್ಚಿನವು ಅಲುಗಾಡುವುದಿಲ್ಲ. ಇಷ್ಟು ವರ್ಷ ಒಳಗೇ ನಿಂತದ್ದಲ್ವಾ?"

"ನಾನೊಮ್ಮೆ ನೋಡಬಹುದಾ?" ಎಂದಳು ಕಮಲ.

ಬೆಳಕಿನ ಒಂದು ವೃತ್ತ, ಅದರ ತುಂಬ ತೌಡಿನಂಥ ಚೂರುಗಳು. ಅವಳ ಕಣ್ಣು ಅಭ್ಯಾಸಬಲದಿಂದ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಹುಡುಕತೊಡಗಿತು. ಅಂಚಿನಲ್ಲಿ ಒಂದು, ಎಳೆಯಂಥ ಬಾಲ ಬಡಿಯುತ್ತ, ಸತ್ತವುಗಳನ್ನು ತಳ್ಳಿಕೊಂಡು ಹೊರಟಿತ್ತು. ಅದರಾಚೆ ಇನ್ನೊಂದು. ಮಗ್ಗುಲು ಬದಲಿಸಲೂ ಅವಳ ಕೈ ಬೇಕಾದ ಆ ದೇಹದೊಳಗೆ, ಯಾರ ಅಪ್ಪಣೆಗೂ ಕಾಯದೆ, ಇವು ಹುಟ್ಟುತ್ತಲೇ ಇದ್ದವಲ್ಲ! ದೈವ ಮೈಮೇಲೆ ಬಂದದ್ದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಅಲ್ಲಿಯೂ ಮೈ ಹೀಗೆ ಜುಮ್ಮೆಂದಿರಲಿಲ್ಲ.

"ಮಗು ಆಗಿಯೇ ಆಗ್ತದೆ ಅಂತ ನಾನು ಹೇಳುವುದಿಲ್ಲ" ಎಂದರು ಡಾಕ್ಟರು. "ಸೂಜಿ ಇಲ್ಲದ ಸಿರಿಂಜಿನಲ್ಲಿ ನಿನ್ನೊಳಗೆ ಬಿಟ್ಟು ನೋಡುವ. ಹತ್ತು ಸಲಕ್ಕೆ ಆದೀತು, ಆಗದೆಯೂ ಇದ್ದೀತು."

"ಎಂತ ಕಾಣ್ತದೆ?" ಮಂಚದಿಂದ ದೇಜಪ್ಪನ ದನಿ ಬಂತು.

ಡಾಕ್ಟರು ಸೂಕ್ಷ್ಮದರ್ಶಕವನ್ನು ಮಂಚದ ಪಕ್ಕಕ್ಕೆ ತಂದರು. ಕಮಲ ಹಿಂದಿನಿಂದ ಗಂಡನ ಎದೆಗೆ ಎರಡೂ ಕೈ ಬಳಸಿ ಎಬ್ಬಿಸಿ, ಅವನ ಕಣ್ಣನ್ನು ಗಾಜಿಗೆ ಸರಿಹೊಂದಿಸಿದಳು. ಅವನು ನೋಡಿಯೇ ನೋಡಿದ.

"ಓಡ್ತಾ ಉಂಟು" ಎಂದ. "ನನ್ನದು ಓಡ್ತಾ ಉಂಟು ಕಮಲಾ."

ಕಣ್ಣು ತೆಗೆಯದೆಯೇ, ಎದೆಯ ಮೇಲಿದ್ದ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. "ಆ ಭಾಷೆ ಮುರಿದದ್ದಕ್ಕೆ ದೈವಕ್ಕೆ ನಾನೇ ತಪ್ಪುಕಾಣಿಕೆ ಇಡ್ತೇನೆ. ಮಗು ಆಗಲಿ, ಆಗದೆ ಇರಲಿ, ನೀನು ಹೋಗಬೇಡ ಮಾರಾಯ್ತಿ."