ಸೊನ್ನೆ ಒಪ್ಪದ ಪೆಟ್ಟಿಗೆ

ಮಹಾಪೆ ಕೈಗಾರಿಕಾ ಪ್ರದೇಶದ ನಮ್ಮ ಡೇಟಾ ಎಂಟ್ರಿ ಕಂಪನಿಯಲ್ಲಿ ಒಂದೇ ಕಾಗದವನ್ನು ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡಬೇಕು. ಎರಡೂ ತಾಳೆಯಾಗದಿದ್ದರೆ ತಪ್ಪು ಮಾಡಿದವರಿಗೆ ಕೆಂಪು ಗುರುತು. ನನ್ನ ಜೋಡಿ ಕಲ್ಯಾಣದ ಸೌಭಾಗ್ಯ. 2009ರ ಆ ಶನಿವಾರ ನನ್ನ ಪ್ರೊಬೇಷನ್ನಿನ ಕೊನೆಯ ದಿನ. ಇನ್ನೊಂದು ಕೆಂಪು ಗುರುತು ಬಿದ್ದರೆ ಕೆಲಸ ಖಾಯಂ ಇಲ್ಲ. ಹಾಗಾದರೆ ಸೋಮವಾರದಿಂದ ಕಲ್ಯಾಣದಲ್ಲಿ ಗುಣಪಾಲ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಬೇಕೆಂದು ಅಪ್ಪ ತೀರ್ಪು ಕೊಟ್ಟಾಗಿತ್ತು.

ಕೊನೆಯ ಕಡತ ಎರಡನೇ ಮಹಾಯುದ್ಧದ ಒಂದು ಜರ್ಮನ್ ಸಬ್‌ಮರೀನಿನದು. ಅದರ ಸೇವಾ ಚರಿತ್ರೆ ಥೇಟ್ ನನ್ನ ಮಾರ್ಕ್ಸ್ ಕಾರ್ಡು. ಮೊದಲ ಯಾನದಲ್ಲಿ ಇಂಜಿನ್ ಕೆಟ್ಟು ವಾಪಸ್. ಎರಡನೆಯದರಲ್ಲಿ ಮೂರು ಟಾರ್ಪೆಡೊ ಬಿಟ್ಟಿತು, ಮೂರೂ ಗುರಿ ತಪ್ಪಿದವು. ಮೂರನೆಯದರಲ್ಲಿ ವಿಮಾನದ ಬಾಂಬು ತಿಂದು ಕುಂಟುತ್ತ ಬಂತು. ನಾಲ್ಕನೆಯದಕ್ಕೆ ನಲವತ್ತಾರು ಮಂದಿಯೊಡನೆ ಹೋದದ್ದು ಬರಲೇ ಇಲ್ಲ. ಮುಳುಗಿಸಿದ ಹಡಗುಗಳು: ಸೊನ್ನೆ.

ಸೊನ್ನೆ ಒತ್ತಿದೆ. ಪರದೆಯ ಮೇಲಿನ ಆ ಪೆಟ್ಟಿಗೆ ಕೆಂಪಾಯಿತು: ಒಂದು ಅಥವಾ ಹೆಚ್ಚಿನ ಸಂಖ್ಯೆ ಹಾಕಿ. ಮತ್ತೆ ಒತ್ತಿದೆ. ಮತ್ತೆ ಕೆಂಪು. ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯದು.

"ನಂದು ತಗೊಂತಲ್ಲೋ," ಎಂದಳು ಪಕ್ಕದ ಸೌಭಾಗ್ಯ. "ನಿನ್ನ ಮಷಿನ್ನಾಗ ನಿನ್ನೆ ಹೊಸಾ ಸಾಫ್ಟ್‌ವೇರ್ ಹಾಕ್ಯಾರ. ಅದರ ಹಣೇಬರಹ."

ಅವಳ ಮೆಷಿನಿನಲ್ಲೇ ಕೂರೋಣವೆಂದರೆ, ಒಂದೇ ಮೆಷಿನಿನಿಂದ ಎರಡು ಎಂಟ್ರಿ ಕಳಿಸುವಂತಿಲ್ಲ. ಟೀಮ್ ಲೀಡರನ್ನು ಕರೆದೆ.

"ಪುಂಡರೀಕಾಕ್ಷಣ್ಣ, ಇದು ಸೊನ್ನೆ ತಗೊಳ್ಳುದಿಲ್ಲ ಮಾರಾಯ್ರೆ!"

"ಶುರುವಾಯ್ತಾ ನಿನ್ನ ನಾಟಕ? ಮೊನ್ನೆಯ ಕಡತದಲ್ಲಿ ಸಬ್‌ಮರೀನ್ ಕ್ಯಾಪ್ಟನ್ ಬೆಳಿಗ್ಗೆ ಮಿಸಳ್ ಪಾವ್ ತಿಂದ ಅಂತ ಟೈಪ್ ಮಾಡಿದ್ದು ಯಾರು?"

"ಅದು ಕಾಮಿಡಿ ಟ್ರ್ಯಾಕ್ ಅಣ್ಣ. ಇದು ಕ್ಲೈಮ್ಯಾಕ್ಸ್! ಸತ್ಯ ಹೇಳಿದ್ರೆ ಮೆಷಿನ್ ಒಪ್ಪುದಿಲ್ಲ, ಸುಳ್ಳು ಹೇಳಿದ್ರೆ ನೀವು ಬಿಡುದಿಲ್ಲ. ಹೀರೋ ಎಲ್ಲಿಗೆ ಹೋಗ್ಬೇಕು?"

"ಹೀರೋ ಅಂತೆ! ಸೌಭಾಗ್ಯಂದು ತಗೊಳ್ತದೆ, ನಿಂದು ಮಾತ್ರ ತಗೊಳ್ಳುದಿಲ್ವಾ? ಐದೂವರೆಗೆ ಕಡತ ಹೋಗ್ಬೇಕು. ಒಂದು ಅಂತ ಹಾಕು."

"ಅವಳದ್ದು ಸೊನ್ನೆ, ನಂದು ಒಂದು. ತಾಳೆ ಆಗ್ಬೇಕಲ್ಲ?"

"ಅದನ್ನು ನಾನು ನೋಡಿಕೊಳ್ತೇನೆ. ಹಾಕು ಮಾರಾಯ!"

ಹಾಕಿದೆ. ಹೊಸ ಪುಟ ತೆರೆಯಿತು. ಹಡಗಿನ ಹೆಸರು? ಸತ್ತವರ ಸಂಖ್ಯೆ? ಇಲ್ಲಿಯೂ ಸೊನ್ನೆ ನಡೆಯದು. ಕೀಟಲೆಗೆ ಹೆಸರಾದವನು ನಾನು. ಆದರೆ ಕೀಟಲೆ ಮಾಡೆಂದು ಆಫೀಸೇ ಹುಕುಂ ಕೊಟ್ಟಾಗ ಬೆರಳು ಏಳಲಿಲ್ಲ.

"ಎಷ್ಟು ಜನರನ್ನು ಕೊಲ್ಲಲಿ ಅಣ್ಣ?"

"ಹನ್ನೆರಡು ಹಾಕು. ಬಸ್ಸಿಗೆ ಹೊತ್ತಾಯ್ತು."

ನನ್ನ ಕೈ ಸರಿಸಿ ಅವರೇ ಹನ್ನೆರಡು ಒತ್ತಿ, ಹಡಗಿನ ಹೆಸರು 'ಗೊತ್ತಿಲ್ಲ' ಎಂದು ಟೈಪಿಸಿ ಕಳಿಸಿಬಿಟ್ಟರು.

ಐದೂ ನಲವತ್ತಕ್ಕೆ ತಾಳೆ ಪಟ್ಟಿ ಬಂತು. ಮೂಲ ಕಾಗದದಲ್ಲಿ ಸೊನ್ನೆ, ಸೌಭಾಗ್ಯಳದು ಸೊನ್ನೆ, ನನ್ನದು ಒಂದು. ಕೆಂಪು ಗುರುತು ನನ್ನ ಹೆಸರಿನ ಮುಂದೆ.

"ನೀವೇ ಅಲ್ವಾ ಒಂದು ಹಾಕು ಅಂದದ್ದು, ಕಳಿಸಿದ್ದು? ನೋಡಿಕೊಳ್ತೇನೆ ಅಂದ್ರಲ್ಲ!"

ಪುಂಡರೀಕಾಕ್ಷಣ್ಣ ಬ್ಯಾಗು ಹೆಗಲಿಗೇರಿಸಿದರು. "ಲಾಗಿನ್ ಯಾರದ್ದು?"

ಸೋಮವಾರ ಗಲ್ಲಾದಲ್ಲಿ ಕೂತೆ. ಸಂಜೆ ಕೆಲಸ ಮುಗಿಸಿ ಬಂದ ಸೌಭಾಗ್ಯ ಎದುರು ನಿಂತಳು.

"ಇವತ್ತ ನಿನ್ನ ಮಷಿನ್‌ಗೆ ಬ್ಯಾರೆ ಸಬ್‌ಮರೀನ್ ಬಂದಿತ್ತೋ. ಹನ್ನೊಂದು ಹಡಗ ಮುಳುಗಿಸೇತಿ. ಒಂದ ಸಲಕ್ಕ ತಗೊಂಡ್ತು ನೋಡು."

ಒಂದು ಡೈಲಾಗ್ ಹೊಡೆಯಲು ಬಾಯಿ ತೆರೆದೆ. ಹಿಂದಿನಿಂದ ಮಾವ ಕೂಗಿದರು: "ಕೀರ್ತನ್, ಬಿಲ್ಲು ಹಿಡ್ಕೊಂಡು ಆರು ಜನ ನಿಂತಿದ್ದಾರೆ. ಬಾಯಿ ಮುಚ್ಚಿ ಕೈ ಆಡಿಸು!"